ಮೂರನೆಯ ಕೂಗಿಗೆ ಮುಂಚೆ ಹುಡುಕಿ ತರುವಾಕೆ

ಬೆಳಗಿನ ಐದೂವರೆ. ಶಾಲೆಯ ಕ್ರೀಡಾ ಸಭಾಂಗಣದ ಬಾಗಿಲಿಗೆ ಇನ್ನೂ ಬೀಗ. ಬೀಗದ ಕೈ ಯಾರ ಹತ್ತಿರ ಇದೆ ಎಂದು ಕಾವಲುಗಾರ ಫೋನಿನಲ್ಲಿ ಒಬ್ಬೊಬ್ಬರನ್ನೇ ನಿದ್ದೆಯಿಂದ ಎಬ್ಬಿಸುತ್ತಿದ್ದಾನೆ. ಮೆಟ್ಟಿಲ ಮೇಲೆ, ಇಪ್ಪತ್ತು ಲೀಟರಿನ ಎರಡು ನೀರಿನ ಕ್ಯಾನುಗಳ ನಡುವೆ, ನಲವತ್ತೇಳರ ಹೆಂಗಸೊಬ್ಬರು ಬೀದಿದೀಪದ ಬೆಳಕಿನಲ್ಲಿ ಸೂಜಿಗೆ ದಾರ ಪೋಣಿಸುತ್ತ ಕೂತಿದ್ದಾರೆ. ಒಂದಲ್ಲ, ಆರು ಸೂಜಿ. ಆರನ್ನೂ ಅಂಗಿಯ ಕಾಲರಿಗೆ ಸಾಲಾಗಿ ಚುಚ್ಚಿಕೊಳ್ಳುತ್ತಾರೆ. "ಆಮೇಲೆ ಪುರುಸೊತ್ತು ಸಿಗಲ್ಲ" ಎನ್ನುತ್ತಾರೆ, ನನ್ನ ಕಡೆ ನೋಡದೆಯೇ.

ಬಾಗಿಲು ತೆರೆದದ್ದೇ ತಡ, ಒಳಗೆ ಹೋಗಿ ದೀಪ ಹಾಕಿ, ಒಮ್ಮೆ ಕಣ್ಣಾಡಿಸಿ, ಹಣೆ ಚಚ್ಚಿಕೊಳ್ಳುತ್ತಾರೆ. "ಅಯ್ಯೋ, ಮತ್ತೆ ಅಲ್ಲೇ ಇಟ್ಟಿದ್ದಾರಲ್ಲಪ್ಪಾ!" ಸ್ಪರ್ಧಿಗಳನ್ನು ತೂಗುವ ಯಂತ್ರವನ್ನು ಹಿಂದಿನ ಸಂಜೆ ಯಾರೋ ಮೆತ್ತನೆಯ ಮ್ಯಾಟಿನ ಮೇಲೆ ಇಟ್ಟು ಹೋಗಿದ್ದಾರೆ. ನೋಡಲು ಅಂದವಾಗಿಯೇ ಇದೆ. ಆದರೆ ನೆಲ ಮೆತ್ತಗಿದ್ದರೆ ಯಂತ್ರ ಸುಳ್ಳು ಹೇಳುತ್ತದೆ. ನಂಬಿಕೆ ಇಲ್ಲದಿದ್ದರೆ ನೋಡಿ ಎಂದು ಎರಡೂ ಕ್ಯಾನುಗಳನ್ನು ಅದರ ಮೇಲೆ ಹೇರುತ್ತಾರೆ. ಮೂವತ್ತೊಂಬತ್ತೂವರೆ ಕೆಜಿ. ಅದೇ ಯಂತ್ರವನ್ನು ಸಿಮೆಂಟಿನ ನೆಲಕ್ಕೆ ಎಳೆದು ಅವೇ ಕ್ಯಾನುಗಳನ್ನು ಇಟ್ಟಾಗ ನಲವತ್ತೊಂದು ಕೆಜಿ ನಾನೂರು ಗ್ರಾಂ. ಇದೇ ಸರಿ, ಮನೆ ಪಕ್ಕದ ದಿನಸಿ ಅಂಗಡಿಯ ತಕ್ಕಡಿಯಲ್ಲಿ ಮೊದಲೇ ತೂಗಿಸಿಕೊಂಡು ಬಂದಿದ್ದಾರೆ. ಮುನ್ನೂರು ಗ್ರಾಂ ಇಳಿಸಲು ನಿನ್ನೆಯಿಂದ ಒಂದು ಗುಟುಕು ನೀರೂ ಕುಡಿಯದವರು ಇನ್ನೊಂದು ತಾಸಿನಲ್ಲಿ ಇಲ್ಲಿ ಸಾಲು ನಿಲ್ಲುತ್ತಾರೆ. ಅಂಥವರ ಮುಂದೆ ಒಂದೂವರೆ, ಎರಡು ಕೆಜಿ ಸುಳ್ಳು ಹೇಳುವ ಯಂತ್ರ ಇಡುವುದೆಂದರೆ ಅವರ ಉಪವಾಸಕ್ಕೇ ಬೆಲೆ ಇಲ್ಲದಂತೆ ಮಾಡಿದ ಹಾಗೆ.

ಇವರನ್ನು ಇಲ್ಲಿ ಎಲ್ಲರೂ ಕರೆಯುವುದು ಕೂಗಕ್ಕ ಎಂದು. ವಾರಪೂರ್ತಿ ಬಟ್ಟೆ ತೊಳೆದು ಇಸ್ತ್ರಿ ಮಾಡಿಕೊಡುವ ಅಂಗಡಿಯೊಂದರ ಹಿಂಬದಿಯ ಕೋಣೆಯಲ್ಲಿ ಇವರ ಕೆಲಸ. ಕಿತ್ತುಹೋದ ಜಿಪ್ಪು, ಬಿಚ್ಚಿದ ಅಂಚು, ದಪ್ಪಗಾದವರ ಪ್ಯಾಂಟಿನ ಸೊಂಟ, ಎಲ್ಲ ಇವರ ಮೇಜಿಗೆ ಬರುತ್ತವೆ. ಭಾನುವಾರ ಬಂತೆಂದರೆ ಊರಿನಲ್ಲಿ ಎಲ್ಲಿ ಹವ್ಯಾಸಿ ಗ್ರ್ಯಾಪ್ಲಿಂಗ್ ಪಂದ್ಯಾವಳಿ ಇದೆಯೋ ಅಲ್ಲಿ ಹಾಜರು. ತೂಕ ನೋಡುವುದು, ಜೋಡಿ ಪಟ್ಟಿ ಬರೆಯುವುದು, ಹರಿದ ಅಂಗಿ ಹೊಲಿಯುವುದು, ಎಲ್ಲಕ್ಕಿಂತ ಮುಖ್ಯವಾಗಿ ಪಂದ್ಯಕ್ಕೆ ಕರೆ ಬಂದವರನ್ನು ಹುಡುಕಿ ತರುವುದು. ಹದಿನೇಳು ವರ್ಷದಿಂದ ಇದೇ ಭಾನುವಾರ. ಸಂಬಳವಿಲ್ಲ, ಸನ್ಮಾನವಿಲ್ಲ, ವಂದನಾರ್ಪಣೆಯಲ್ಲಿ ಒಂದು ಹೆಸರೂ ಇಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಗ್ರ್ಯಾಪ್ಲಿಂಗ್ ಎಂದರೆ ಗುದ್ದಾಟವಿಲ್ಲದ ಕುಸ್ತಿ. ಹೊಡೆಯುವಂತಿಲ್ಲ, ಒದೆಯುವಂತಿಲ್ಲ. ಹಿಡಿಯಬೇಕು, ಕೆಡವಬೇಕು, ಕೈಯನ್ನೋ ಕಾಲನ್ನೋ ಕತ್ತನ್ನೋ ಬಿಡಿಸಿಕೊಳ್ಳಲಾಗದಂತೆ ಸಿಕ್ಕಿಸಬೇಕು. ತಾಳಲಾರದವರು ಅಂಗೈಯಿಂದ ಎರಡು ಸಲ ತಟ್ಟಿದರೆ ಮುಗಿಯಿತು. ಒಂದು ಪಂದ್ಯಕ್ಕೆ ಐದು ನಿಮಿಷ. ಈ ಐದು ನಿಮಿಷಕ್ಕೆ ಜನ ವರ್ಷಗಟ್ಟಲೆ ಬೆವರು ಹರಿಸುತ್ತಾರೆ. ಆಮೇಲೆ ಪಂದ್ಯಾವಳಿಗೆ ಬಂದು ಹನ್ನೊಂದು ತಾಸು ಕಾಯುತ್ತಾರೆ.

ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ನನ್ನ ಭಾವಮೈದುನ, ಮೂವತ್ತಾರು ವರ್ಷದ ದೊಡ್ಡ ಮನುಷ್ಯ, ಕಳೆದ ವರ್ಷ ಇಂಥದ್ದೊಂದು ಪಂದ್ಯಾವಳಿಗೆ ಮೂರು ದಿನ ಅರೆಹೊಟ್ಟೆಯಲ್ಲಿದ್ದು ಹೋದ. ಹನ್ನೊಂದು ತಾಸು ಕೂತ. ಅವನ ಹೆಸರು ಯಾವಾಗ ಕೂಗಿದರೋ ಯಾರು ಕೂಗಿದರೋ ದೇವರಿಗೇ ಗೊತ್ತು, ಎದುರಾಳಿಯ ಕೈ ಎತ್ತಿ ಮುಗಿಸಿಬಿಟ್ಟಿದ್ದರು. ಮನೆಗೆ ಬಂದವನು ಇಡೀ ಪಾತ್ರೆ ಅನ್ನ ತಿಂದ. "ಅಲ್ಲಿ ಒಬ್ಬರು ಕೂಗಕ್ಕ ಅಂತ ಇರ್ತಾರೆ ಭಾವ, ಆವತ್ತು ಅವರು ಬಂದಿರಲಿಲ್ಲ" ಎಂದ. ಆ ಒಂದು ಮಾತಿನ ಜಾಡು ಹಿಡಿದೇ ನಾನು ಇಲ್ಲಿಗೆ ಬಂದದ್ದು.

ಎಂಟು ಗಂಟೆಗೆ ಬಾಗಿಲ ಹತ್ತಿರ ನೂಕುನುಗ್ಗಲು. ಹೆಸರು ಕೊಟ್ಟವರು ನೂರ ನಲವತ್ಮೂರು, ಬಂದವರು ನೂರ ಹದಿನೇಳು, ತೂಕದ ವಿಭಾಗಗಳು ಒಂಬತ್ತು. ಮ್ಯಾಟುಗಳು ಮೂರು ಇರಬೇಕಿತ್ತು, ಇರುವುದು ಎರಡು. ಮೂರನೆಯದನ್ನು ಹೊತ್ತ ಲಾರಿ "ದಾರಿಯಲ್ಲಿದೆ". ಅದು ಇಡೀ ದಿನ ದಾರಿಯಲ್ಲೇ ಇತ್ತು. ಸಂಘಟಕರು ಒಂದು ವ್ಯಾಯಾಮಶಾಲೆಯ ಮಾಲೀಕರು, ಒಳ್ಳೆಯ ಮನುಷ್ಯ, ಯಾರು ಏನು ದೂರಿದರೂ "ಆಯ್ತು ಆಯ್ತು" ಎನ್ನುತ್ತಾರೆ. ಆದ್ದರಿಂದ ಬೆನ್ನ ಹಿಂದೆ ಅವರ ಹೆಸರು ಆಯ್ತಾಯ್ತು. ಕುರ್ಚಿ ಇಲ್ಲ ಸರ್? ಆಯ್ತು ಆಯ್ತು. ಶೌಚಾಲಯದಲ್ಲಿ ನೀರಿಲ್ಲ ಸರ್? ಆಯ್ತು ಆಯ್ತು. ಹಾಗೆಂದು ಆದದ್ದು ಒಂದೂ ಇಲ್ಲ.

ಕೂಗಕ್ಕನ ಕೆಲಸ ನೋಡಲು ಯಂತ್ರದ ಪಕ್ಕ ನಿಲ್ಲಬೇಕು. ಸ್ಪರ್ಧಿ ಹತ್ತಿ ಇಳಿದ ಮೇಲೆ ತೂಕ ಬರೆದುಕೊಂಡು ಸುಮ್ಮನಾಗುವುದಿಲ್ಲ. ತಲೆ ಎತ್ತಿ ಒಂದು ಪ್ರಶ್ನೆ ಕೇಳುತ್ತಾರೆ. "ಎಲ್ಲಿ ಕೂತಿರ್ತೀಯಪ್ಪಾ?" ಉತ್ತರ ಹೆಸರಿನ ಪಕ್ಕ ಸೇರುತ್ತದೆ. ನೂರ ಹದಿನೇಳು ಜನರಿಗೂ. ನಾನು ಇಣುಕಿ ಓದಿದ ಕೆಲವು: 'ಹಸಿರು ಚೀಲ, ಎರಡನೇ ಕಿಟಕಿ, ಅಣ್ಣನ ಜೊತೆ.' 'ಮೆಟ್ಟಿಲ ಕೆಳಗೆ ಮಲಗುತ್ತಾನಂತೆ, ಅಲ್ಲಾಡಿಸಿ ಎಬ್ಬಿಸಬೇಕು.' 'ಹೆದರಿದ್ದಾನೆ. ಶೌಚಾಲಯದಲ್ಲಿ ನೋಡುವುದು.' 'ಕಿವಿಗೆ ಹಾಡು ಸಿಕ್ಕಿಸಿಕೊಂಡಿರುತ್ತಾನೆ, ಕೂಗಿ ಉಪಯೋಗವಿಲ್ಲ, ಹೆಗಲು ತಟ್ಟು.'

"ನಮ್ಮ ಮನೆಯವರು ಇದನ್ನ ನೋಡಿ ನಗ್ತಾರೆ" ಎನ್ನುತ್ತಾರೆ ಕೂಗಕ್ಕ. "ಇದು ಪಂದ್ಯದ ಪಟ್ಟಿನೇನೇ, ಕಾಣೆಯಾದವರ ಪಟ್ಟಿನೇನೇ ಅಂತ ರೇಗಿಸ್ತಾರೆ. ನಗಲಿ ಬಿಡಿ. ನಿಯಮ ಏನು ಹೇಳತ್ತೆ? ಒಂದೊಂದು ನಿಮಿಷ ಬಿಟ್ಟು ಮೂರು ಸಲ ಕೂಗ್ತಾರೆ. ಮೂರನೇದಕ್ಕೂ ಬರ್ಲಿಲ್ಲ ಅಂದ್ರೆ ಎದುರಿನವರ ಕೈ ಎತ್ತಿಬಿಡ್ತಾರೆ. ಸರಿ, ನಿಯಮ ನಿಯಮಾನೇ. ಆದ್ರೆ ಕೂಗಿದ್ದು ಕೇಳಿಸ್ಬೇಕಲ್ವಾ ಸರ್?"

ಕೇಳಿಸುವುದು ಹೇಗೆ? ಇರುವುದೊಂದು ಮೈಕು, ಅದೂ ಉದ್ಘಾಟನಾ ಭಾಷಣ ಮುಗಿಯುವಷ್ಟರಲ್ಲಿ ಕೈಕೊಟ್ಟಿತು. ಭಾಷಣ ಮಾತ್ರ ಸೊಗಸಾಗಿ ಕೇಳಿಸಿತೆನ್ನಿ. ಎರಡನೇ ಮ್ಯಾಟಿನ ರೆಫರಿ ತಮ್ಮ ಮೀಸೆಗೆ ಗುಟ್ಟು ಹೇಳುವ ಹಾಗೆ ಹೆಸರು ಕರೆಯುತ್ತಾರೆ. ಎಂಟೂವರೆಗೆ ಶುರುವಾಗಬೇಕಿದ್ದ ಮೊದಲ ಪಂದ್ಯ ಶುರುವಾದದ್ದು ಹನ್ನೊಂದು ಇಪ್ಪತ್ತಕ್ಕೆ. ಅಲ್ಲಿಂದ ಕೂಗಕ್ಕನ ಓಡಾಟ. ಪಟ್ಟಿ ನೋಡುವುದು, ಕಿಟಕಿಗೆ ಓಡುವುದು, ಮೆಟ್ಟಿಲ ಕೆಳಗೆ ಬಗ್ಗುವುದು, ಹೆಗಲು ತಟ್ಟುವುದು, ತೋಳು ಹಿಡಿದು ಎಳೆದು ತಂದು ಮ್ಯಾಟಿನ ಅಂಚಿಗೆ ನಿಲ್ಲಿಸಿ "ಚಪ್ಪಲಿ ಬಿಡು, ಚಪ್ಪಲಿ ಬಿಡು" ಎನ್ನುವುದು. ಎಡಗಾಲು ಸ್ವಲ್ಪ ಎಳೆದು ಹಾಕುತ್ತಾರೆ, ಮಂಡಿ ಸರಿಯಿಲ್ಲ. ಆದರೂ ನಾನು ಅವರ ಹಿಂದೆ ಓಡಿ ಏದುಸಿರು ಬಿಟ್ಟೆ. ಮಧ್ಯಾಹ್ನ ಒಂದರ ಹೊತ್ತಿಗೆ ಮೂವತ್ತೊಂದು ಪಂದ್ಯ ಮುಗಿದಿತ್ತು, ಒಬ್ಬರೂ ಕರೆ ತಪ್ಪಿಸಿಕೊಂಡಿರಲಿಲ್ಲ.

ಅವರು ಊಟಕ್ಕೆಂದು ಹತ್ತು ನಿಮಿಷ ಕೂತಾಗ ನಾನು ಕೇಳಬೇಕಾದ್ದನ್ನು ಕೇಳಿದೆ. ಇಷ್ಟೆಲ್ಲ ಯಾಕೆ? ಡಬ್ಬಿಯ ಮುಚ್ಚಳ ತೆಗೆದು, ಮತ್ತೆ ಮುಚ್ಚಿ, ಹೇಳತೊಡಗಿದರು.

ಇಪ್ಪತ್ತೊಂದು ವರ್ಷದ ಹಿಂದಿನ ಮಾತು. ಆಗ ಅವರಿಗೆ ಇಪ್ಪತ್ತಾರು, ಮಗಳಿಗೆ ಎರಡು. ಅಂಗಡಿಯ ಹಿಂದಿನ ಓಣಿಯಲ್ಲಿ ಒಂದು ವ್ಯಾಯಾಮಶಾಲೆ. ಅಲ್ಲಿ ಕಲಿಯುವವರ ಹರಿದ ಅಂಗಿ ಹೊಲಿದು ಕೊಡಲು ಹೋದವರು, ಬಾಗಿಲಲ್ಲಿ ನಿಂತು ನೋಡಿ, ಮೂರನೇ ವಾರ ಚಪ್ಪಲಿ ಬಿಟ್ಟು ಒಳಗೆ ಹೋದರು. ಹದಿನಾಲ್ಕು ತಿಂಗಳು, ವಾರಕ್ಕೆ ಮೂರು ಸಂಜೆ. ಅತ್ತೆ ಮಗು ನೋಡಿಕೊಳ್ಳುತ್ತಿದ್ದರು. ಸೊಸೆ ಕತ್ತು ತರಚಿಕೊಂಡು ಮನೆಗೆ ಬಂದಾಗ ಮೂಗು ಮುರಿಯುತ್ತಲೇ ಬಿಸಿನೀರು ಕಾಯಿಸಿಟ್ಟಿರುತ್ತಿದ್ದರಂತೆ.

"ಪಂದ್ಯಾವಳಿ ಅಂತ ಗೊತ್ತಾದಾಗ ಹೆಸರು ಕೊಟ್ಟೆ. ಐವತ್ತೇಳು ಕೆಜಿ ವಿಭಾಗ. ಗುರುವಾರ ತೂಗಿದ್ರೆ ಒಂದು ಕೆಜಿ ಜಾಸ್ತಿ. ಊಟ ಬಿಟ್ಟೆ, ನೀರು ಬಿಟ್ಟೆ. ಭಾನುವಾರ ಐವತ್ತಾರು ಒಂಬೈನೂರು ಬಂತು, ಕುಣಿದುಬಿಟ್ಟೆ. ನನ್ನ ಎದುರಾಳಿ ಯಾರು ಅಂತ ಪಟ್ಟಿಯಲ್ಲಿ ನೋಡ್ಕೊಂಡು, ಅವಳು ಮೈ ಬಿಸಿ ಮಾಡ್ಕೊಳ್ಳೋದನ್ನ ಕಣ್ಣು ಬಿಟ್ಕೊಂಡು ನೋಡಿದೆ. ಒಂದು ಕಿವಿಗೆ ಪ್ಲಾಸ್ಟರ್ ಹಾಕಿತ್ತು. ಯಾವಾಗ ನೋಡಿದ್ರೂ ಬಲಗಾಲು ಮುಂದಿಡೋಳು. ಆ ಕಾಲು ನಂದು ಅಂತ ತೀರ್ಮಾನ ಮಾಡಿದೆ. ಅವಳು ಮುಂದೆ ಬಂದ ತಕ್ಷಣ ಕೆಳಗೆ ಹೋಗಿ ಆ ಕಾಲು ಹಿಡಿಯೋದು, ಹೆಗಲು ಕೊಟ್ಟು ನೂಕೋದು. ಅಷ್ಟೇ. ಬೇರೆ ಏನೂ ಯೋಚನೆ ಇರ್ಲಿಲ್ಲ."

ಬೆಳಿಗ್ಗೆ ಹತ್ತಕ್ಕೆ ಎಂದಿದ್ದರು. ಹನ್ನೆರಡಾಯಿತು, ಎರಡಾಯಿತು. ಒಂದನೇ ಮ್ಯಾಟು ಎಂದು ಹೇಳಿದ್ದರು, ಆದ್ದರಿಂದ ಅದರ ಪಕ್ಕದ ಪಡಸಾಲೆಯಲ್ಲಿ ಮೈ ತಣ್ಣಗಾಗದಂತೆ ಜಿಗಿಯುತ್ತಿದ್ದರು. ಈ ನಡುವೆ ಅವರ ಪಂದ್ಯವನ್ನು ಸಭಾಂಗಣದ ಆ ತುದಿಯ ಎರಡನೇ ಮ್ಯಾಟಿಗೆ ಬದಲಾಯಿಸಿದ್ದರು. ಹೇಳುವುದು ಯಾರಿಗೂ ನೆನಪಾಗಲಿಲ್ಲ. ನಾಲ್ಕು ಗಂಟೆಗೆ ಚಪ್ಪಾಳೆ ಕೇಳಿ ಬಂದು ನೋಡುತ್ತಾರೆ, ಪ್ಲಾಸ್ಟರ್ ಹಾಕಿದ ಹುಡುಗಿಯ ಕೈ ಮೇಲೆ ಎತ್ತಿದ್ದಾರೆ. ಪಟ್ಟಿಯಲ್ಲಿ ಇವರ ಹೆಸರಿನ ಮುಂದೆ ಒಂದೇ ಪದ: ಗೈರುಹಾಜರು.

"ಎಲ್ಲಿ ಹೋಗಿದ್ದೆ ಅಂತ ಕೇಳಿದ್ರು. ಇಲ್ಲೇ ಇದ್ನಲ್ಲ ಅಂದೆ. ಯಾರೋ ಹಿಂದಿನಿಂದ, ಹೆದ್ರಿಕೊಂಡು ಅಡಗಿದ್ಲು ಅಂತ ನಕ್ಕರು" ಎಂದ ಕೂಗಕ್ಕನ ದನಿ ಅಲ್ಲಿ ಮಾತ್ರ ಸಣ್ಣದಾಯಿತು. ಮರುವರ್ಷ ಮತ್ತೆ ಹೆಸರು ಕೊಟ್ಟರು. ಆ ವಿಭಾಗಕ್ಕೆ ಇವರೊಬ್ಬರೇ. ಕರೆದು ಕೊರಳಿಗೆ ಚಿನ್ನದ ಬಣ್ಣದ ಪದಕ ಹಾಕಿದರು. ಒಂದು ಕೈ ಹಿಡಿಯದೆ, ಒಂದು ಹನಿ ಬೆವರದೆ ಬಂದ ಪದಕ ನನಗ್ಯಾಕೆ ಎಂದು ಮೇಜಿನ ಮೇಲೆ ಇಟ್ಟು ಬಂದರು. ಆಮೇಲೆ ಎರಡನೇ ಮಗು. ಆಮೇಲೆ ಅತ್ತೆ ಹಾಸಿಗೆ ಹಿಡಿದರು. ಆಮೇಲೆ ಅಂಗಡಿಯ ಮೆಟ್ಟಿಲಲ್ಲಿ ಬಟ್ಟೆಯ ಗಂಟು ಹೊತ್ತು ಜಾರಿ ಬಿದ್ದು ಮಂಡಿ ಹೋಯಿತು. ಅಲ್ಲಿಗೆ ಮುಗಿಯಿತು. ಹಾಗೆ ನಾವು ಹೊರಗಿನವರು ಹೇಳುತ್ತೇವೆ.

"ಈಗಲೂ ಬಸ್ಸಲ್ಲಿ ನಿಂತಿದ್ರೆ ಮುಂದಿರೋ ಹೆಂಗಸಿನ ಕಾಲು ನೋಡ್ತೀನಿ, ಭಾರ ಯಾವ ಕಾಲಿನ ಮೇಲಿದೆ ಅಂತ. ಅವರು ಪಾಪ ನನ್ನ ಚಪ್ಪಲಿ ಚೆನ್ನಾಗಿದೆ ಅಂತ ನೋಡ್ತಿದ್ದಾಳೆ ಅಂದ್ಕೋತಾರೆ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಊಟ ಮುಗಿಸಿ ಒಳಗೆ ಬಂದರೆ ಆಯ್ತಾಯ್ತು ಅವರು ಬೀಗುತ್ತ ನಿಂತಿದ್ದಾರೆ. ಹೊತ್ತು ಉಳಿಸಲು ಹೆಂಗಸರ ಎರಡು ತೂಕದ ವಿಭಾಗಗಳನ್ನು ಒಂದು ಮಾಡಿ, ಹೊಸ ಜೋಡಿ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಅಚ್ಚು ಹಾಕಿಸಿ ತಂದಿದ್ದಾರೆ. ಸಾಲುಗಳು ನೇರ, ಅಕ್ಷರಗಳು ದುಂಡಗೆ. "ನೋಡ್ರೀ, ನಿಮ್ಮ ಕಾಗೆ ಕಾಲು ಗುಬ್ಬಿ ಕಾಲು ಎಲ್ಲ ತೆಗೆಸಿ ನೀಟಾಗಿ ಮಾಡಿಸಿದ್ದೀನಿ. ಹಳೇದು ಗೊಂದಲ ಬೇಡ ಅಂತ ಹರಿದು ಹಾಕಿದೆ" ಎನ್ನುತ್ತಾರೆ. ಕೂಗಕ್ಕ ಹೊಸ ಹಾಳೆಯನ್ನು ತಿರುಗಿಸಿ ಹಿಂಬದಿ ನೋಡುತ್ತಾರೆ. ಅಲ್ಲೂ ಏನಿಲ್ಲ. ಯಾರು ಎಲ್ಲಿ ಕೂತಿದ್ದಾರೆ ಎಂಬ ಬೆಳಗಿನ ಬರಹವೆಲ್ಲ ಕಸದ ಬುಟ್ಟಿ ಸೇರಿದೆ.

"ತಲೆಯಲ್ಲಿ ಇದೆ ಬಿಡಿ, ಮುಕ್ಕಾಲು ಪಾಲು" ಎಂದು ಉಸಿರು ಬಿಡುತ್ತಾರೆ. ಅಷ್ಟರಲ್ಲಿ ಒಂದನೇ ಮ್ಯಾಟಿನ ಬಳಿ ಒಬ್ಬನ ಅಂಗಿ ಕಂಕುಳಿನಿಂದ ಸೊಂಟದವರೆಗೆ ಹರಿಯಿತು. ಹರಿದ ಬಟ್ಟೆಯಲ್ಲಿ ಆಡಲು ಬಿಡುವುದಿಲ್ಲ, ಎದುರಾಳಿಯ ಬೆರಳು ಸಿಕ್ಕಿಕೊಳ್ಳುತ್ತದೆ. ಕೂಗಕ್ಕ ನೆಲಕ್ಕೆ ಕೂತು ಹೊಲಿಯತೊಡಗುತ್ತಾರೆ. ಎರಡು ಮುಕ್ಕಾಲಾಗಿದೆ. ಆ ಕಡೆ ತುದಿಯ ಎರಡನೇ ಮ್ಯಾಟಿನಲ್ಲಿ ರೆಫರಿ ಏನೋ ಹೇಳಿದರು. ಸ್ವಲ್ಪ ಹೊತ್ತಿಗೆ ಮತ್ತೇನೋ ಹೇಳಿದರು. ನಾನು ಪಕ್ಕದಲ್ಲೇ ಇದ್ದೂ ಕಿವಿಗೆ ಹಾಕಿಕೊಳ್ಳಲಿಲ್ಲ, ತಪ್ಪು ನನ್ನದೂ ಹೌದು. ನಾಲ್ಕಾರು ಜನ ಚಪ್ಪಾಳೆ ತಟ್ಟಿದರು.

ಕೂಗಕ್ಕ ತಲೆ ಎತ್ತುತ್ತಾರೆ. ಕೆಂಪು ಅಂಗಿಯ ಕಾಲೇಜು ಹುಡುಗಿಯೊಬ್ಬಳು ಮ್ಯಾಟಿನ ನಡುವೆ ಒಬ್ಬಳೇ ನಿಂತಿದ್ದಾಳೆ, ರೆಫರಿ ಅವಳ ಕೈ ಎತ್ತುತ್ತಿದ್ದಾರೆ. "ಅದು ಸಿಸ್ಟರ್ ಪಂದ್ಯ!" ಎಂದವರೇ ಹೊಲಿಗೆ ಬಿಟ್ಟು ಎದ್ದರು.

ಸಿಸ್ಟರ್ ಎಂದರೆ ಬೆಳಿಗ್ಗೆ ತೂಕಕ್ಕೆ ನಿಂತಿದ್ದ ಮೂವತ್ತೊಂದರ ನರ್ಸ್. ರಾತ್ರಿ ಪಾಳಿ ಮುಗಿಸಿ ಸೀದಾ ಆಸ್ಪತ್ರೆಯಿಂದ ಬಂದಿದ್ದರು. ಮೊದಲ ಪಂದ್ಯಾವಳಿ. ನಾಲ್ಕಕ್ಕೆ ಮತ್ತೆ ಪಾಳಿ, ಬಸ್ಸಿಗೆ ಮುಕ್ಕಾಲು ತಾಸು ಬೇಕು. ಈ ಒಂದು ದಿನಕ್ಕಾಗಿ ಮೂವರು ಗೆಳತಿಯರ ಜೊತೆ ಪಾಳಿ ಬದಲಾಯಿಸಿಕೊಂಡಿದ್ದರು. ಅವರ ಹೆಸರಿನ ಪಕ್ಕ ಕೂಗಕ್ಕ ಬರೆದದ್ದು ನನಗೆ ನೆನಪಿದೆ: 'ನಿದ್ದೆಗೆಟ್ಟಿದ್ದಾಳೆ. ಕೂತಲ್ಲೇ ತೂಕಡಿಸುತ್ತಾಳೆ. ಖಂಡಿತ ಎಬ್ಬಿಸಬೇಕು.'

ಆಮೇಲೆ ಆದದ್ದನ್ನು ನಾನು ಕಣ್ಣಾರೆ ನೋಡಿದೆ. ದಿನವಿಡೀ ನೂರು ಜನರ ಚಪ್ಪಲಿ ಬಿಡಿಸಿದ ಕೂಗಕ್ಕ ತಮ್ಮ ಚಪ್ಪಲಿ ಮೆಟ್ಟಿಕೊಂಡೇ ಎರಡನೇ ಮ್ಯಾಟಿನ ನಟ್ಟನಡುವೆ ಹೋಗಿ ನಿಂತುಬಿಟ್ಟರು. "ಏನ್ರೀ ಇದು, ಚಪ್ಪಲಿ!" ಎಂದು ಆಯ್ತಾಯ್ತು ಓಡಿ ಬಂದರು.

"ಚಪ್ಪಲಿಗೆ ಆಮೇಲೆ ಬೈರಿ. ಮೂರು ಸಲ ಕೂಗಿದ್ದು ಯಾರಿಗೆ ಕೇಳಿಸ್ತು? ಇಲ್ಲಿರೋರಲ್ಲಿ ಒಬ್ಬರು ಕೈ ಎತ್ತಿ ನೋಡೋಣ."

"ನಿಯಮ ಇದೆಯಲ್ರೀ. ಹೊತ್ತಾಗ್ತಿದೆ."

"ಬೆಳಿಗ್ಗೆ ಮೂರು ತಾಸು ನೀವು ತಡ ಮಾಡಿದ್ರಿ, ಯಾರಾದ್ರೂ ನಿಮ್ಮನ್ನ ಹೊರಗೆ ಹಾಕಿದ್ರಾ? ಅವಳು ಬರೋ ತನಕ ನಾನು ಇಲ್ಲಿಂದ ಕದಲಲ್ಲ."

ಎಂದವರು ಕೆಂಪು ಅಂಗಿಯ ಹುಡುಗಿಯ ಕಡೆ ತಿರುಗಿದರು. "ನೀನು ಹೇಳಮ್ಮ. ನಿಂಗೆ ಹೀಗೇ ಕೈ ಎತ್ತಿಸ್ಕೊಂಡು ಹೋಗ್ಬೇಕಾ, ಆಡ್ಬೇಕಾ?"

ಹುಡುಗಿ ಒಂದು ಕ್ಷಣ ರೆಫರಿಯನ್ನು ನೋಡಿದಳು, ಎತ್ತಿದ್ದ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. "ಆಡ್ಬೇಕು ಅಕ್ಕ. ನಾನೂ ಬೆಳಿಗ್ಗೆ ಆರರಿಂದ ಕೂತಿದ್ದೀನಿ."

"ಸರ್!" ಎಂಬ ಕೂಗು ನನಗೇ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಕುರ್ಚಿ ಇಡೋ ಕೋಣೆ! ಬೂದು ಹೊದಿಕೆ! ಓಡಿ!" ವರದಿಗಾರ ತಟಸ್ಥನಾಗಿರಬೇಕು ಎಂದು ನನಗೆ ಕಲಿಸಿದವರು ಕ್ಷಮಿಸಲಿ, ನಾನು ಓಡಿದೆ. ಮಡಿಸಿಟ್ಟ ಕಬ್ಬಿಣದ ಕುರ್ಚಿಗಳ ರಾಶಿಯ ಹಿಂದೆ, ಶೂಗಳನ್ನೇ ತಲೆದಿಂಬು ಮಾಡಿಕೊಂಡು ನರ್ಸ್ ಮೈಮರೆತು ಮಲಗಿದ್ದರು. ಎಬ್ಬಿಸಿದರೆ "ಯಾವ ವಾರ್ಡು?" ಎಂದರು. ಪಂದ್ಯ ಎಂದೆ. ಕಣ್ಣಲ್ಲಿ ನೀರು ತುಂಬಿತು. "ಹೋಯ್ತಾ?" ಎಂದು ಕೇಳಿದ ಆ ದನಿಯನ್ನು ನಾನು ಬೇಗ ಮರೆಯಲಾರೆ.

ಹೋಗಿರಲಿಲ್ಲ. ಕೂಗಕ್ಕ ಇನ್ನೂ ಅಲ್ಲೇ ನಿಂತಿದ್ದರು, ಸೊಂಟಕ್ಕೆ ಕೈ ಕೊಟ್ಟುಕೊಂಡು. ಸುತ್ತ ಜನ ಸೇರಿದ್ದರು. "ಆಡಿಸ್ರೀ, ಆಡಿಸ್ರೀ" ಎಂದು ಹತ್ತು ಕಡೆಯಿಂದ ಕೇಳತೊಡಗಿದ ಮೇಲೆ ಸಂಘಟಕರು ಬೆವರು ಒರೆಸಿಕೊಂಡು "ಆಯ್ತು ಆಯ್ತು" ಎಂದರು. ಆ ದಿನ ನಿಜವಾಗಿ ಆದದ್ದು ಅದೊಂದೇ ಆಯ್ತು.

ನರ್ಸ್ ಬಂದು ನಿಂತರು, ಕೆನ್ನೆಯ ಮೇಲೆ ಶೂ ದಾರದ ಗುರುತು. ಇಬ್ಬರೂ ಕೈ ಮುಟ್ಟಿಸಿದರು. ಹುಡುಗಿ ನುಗ್ಗಿದಳು. ನರ್ಸ್ ಅವಳ ಕತ್ತನ್ನು ತೋಳಿನಲ್ಲಿ ಸುತ್ತಿ ಒಂದು ಸಲ ಚೆನ್ನಾಗಿಯೇ ಅದುಮಿದರು, ಜನ ಹೋ ಎಂದರು. ಹುಡುಗಿ ಜಾರಿಕೊಂಡು ಬೆನ್ನಿಗೆ ಹೋದಳು, ಇಬ್ಬರೂ ಉರುಳಿದರು. ನರ್ಸ್ ಕೈ ಎಲ್ಲೋ ಸಿಕ್ಕಿಕೊಂಡಿತು. ಟಪ್ ಟಪ್. ನಲವತ್ತೆಂಟು ಸೆಕೆಂಡು.

ನರ್ಸ್ ಎದ್ದು ಹುಡುಗಿಯನ್ನು ತಬ್ಬಿಕೊಂಡರು. ಕೂದಲು ಕೆದರಿ, ಒಂದು ಕಿವಿ ಕೆಂಪಾಗಿ, ಮುಖವೆಲ್ಲ ನಗು. ಚೀಲ ಹೆಗಲಿಗೇರಿಸಿ ಬಾಗಿಲಿನತ್ತ ಓಡುತ್ತ "ಸೋತೆ ಅಕ್ಕಾ! ಸೋತುಬಿಟ್ಟೆ!" ಎಂದು ಏನೋ ಶುಭ ಸಮಾಚಾರದಂತೆ ಕೂಗಿ ಹೋದರು. ಕೂಗಕ್ಕ ಮ್ಯಾಟಿನ ಮೇಲೆ ಮಂಡಿಯೂರಿ ತಮ್ಮದೇ ಚಪ್ಪಲಿಯ ಗುರುತುಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಆಮೇಲೆ ಹೋಗಿ ಅರ್ಧಕ್ಕೆ ಬಿಟ್ಟ ಹೊಲಿಗೆ ಮುಗಿಸಿದರು.

ಕೊನೆಯ ಪಂದ್ಯ ಮುಗಿದಾಗ ಸಂಜೆ ಆರೂವರೆ. ಒಟ್ಟು ನೂರ ಒಂಬತ್ತು ಪಂದ್ಯ, ಕರೆ ತಪ್ಪಿದವರು ಸೊನ್ನೆ. ಬಹುಮಾನ ಹಂಚಿದವರು ಫೋಟೊ ತೆಗೆಸಿಕೊಂಡು ಹೋಗಿಯಾಯಿತು. ಮ್ಯಾಟುಗಳನ್ನು ಕೂಡಿಸಿದ ಅಂಟುಪಟ್ಟಿಯನ್ನು ಕೂಗಕ್ಕ ಉದ್ದಕ್ಕೆ ಕಿತ್ತು ಉಂಡೆ ಮಾಡುತ್ತಿದ್ದಾರೆ, ನಾನು ಇನ್ನೊಂದು ತುದಿ ಹಿಡಿದಿದ್ದೇನೆ. ಮುಂದೆ ಏನು ಆಸೆ ಎಂದು ಕೇಳುತ್ತೇನೆ. ಇಂಥ ಲೇಖನಗಳಲ್ಲಿ ಕೇಳಲೇಬೇಕಾದ ಪ್ರಶ್ನೆ.

"ಹೇಳಿದ ಹೊತ್ತಿಗೆ ಶುರು ಮಾಡ್ಲಿ. ಎರಡು ಮೈಕು ಇಡ್ಲಿ. ಇನ್ನೇನು ದೊಡ್ಡ ಆಸೆ" ಎಂದು ಅಂಟುಪಟ್ಟಿ ಎಳೆಯುತ್ತಾರೆ. ಸ್ವಲ್ಪ ದೂರ ಹೋಗಿ ನಿಲ್ಲುತ್ತಾರೆ. ಎರಡನೇ ಮ್ಯಾಟು ಈಗ ಖಾಲಿ, ಬೆವರಿನ ವಾಸನೆ ಇನ್ನೂ ಹೋಗಿಲ್ಲ. ಅವರ ಕಣ್ಣು ಅಲ್ಲೇ ಇದೆ.

"ಸಿಸ್ಟರ್ ಸೋತಳು ನೋಡಿ. ಇಷ್ಟು ಹೊತ್ತಿಗೆ ವಾರ್ಡಲ್ಲಿ ಓಡಾಡ್ತಾ ಯೋಚನೆ ಮಾಡ್ತಿರ್ತಾಳೆ, ಕೈ ಅಲ್ಲಿ ಬಿಡಬಾರದಿತ್ತು, ಸೊಂಟ ಈ ಕಡೆ ತಿರುಗಿಸ್ಬೇಕಿತ್ತು ಅಂತ. ಎಂಥ ಪುಣ್ಯವಂತೆ. ಆ ಬಲಗಾಲು ಹಿಡಿದಿದ್ರೆ ಏನಾಗ್ತಿತ್ತು ಅಂತ ನಾನು ಇಪ್ಪತ್ತು ವರ್ಷದಿಂದ ಕೇಳ್ಕೋತಾನೇ ಇದ್ದೀನಿ. ಗೆಲ್ಲಿಸಿ ಅಂತ ನಾನು ಯಾರನ್ನೂ ಕೇಳಿರ್ಲಿಲ್ಲ ಸರ್. ಸೋಲೋಕಾದ್ರೂ ಬಿಡಬೇಕಿತ್ತು."